ಕಾರ್ಯದರ್ಶಿ ಪಾಸೆನೊ ಹೊಡೆದ ಗೆರೆ

ವಾಯಿಮೋರ ದ್ವೀಪದಲ್ಲಿ ನಮ್ಮ ಸುಧಾರಣಾ ಪಕ್ಷಕ್ಕೆ ಜನ ಇಟ್ಟ ಹೆಸರು ‘ನಡುಚಾಪೆ’. ಸಭಾಮನೆಯಲ್ಲಿ ಮುಖಂಡರು ಕಂಬಕ್ಕೆ ಒರಗಿ ಕೂರುತ್ತಾರೆ, ಬಿಸಿರಕ್ತದವರು ಬಾಗಿಲಲ್ಲಿ ನಿಂತು ಕೂಗುತ್ತಾರೆ, ನಾವು ನಡುವೆ ಚಾಪೆ ಹಾಸಿಕೊಂಡು ಇಬ್ಬರಿಗೂ ತಲೆದೂಗುತ್ತೇವೆ. ಇಪ್ಪತ್ತು ವರ್ಷ ಊರ ಶಾಖೆಯ ಕಾರ್ಯದರ್ಶಿಯಾಗಿದ್ದವರು ನನ್ನ ಭಾವ ಪಾಸೆನೊ. ದೋಣಿ ಕಟ್ಟುವ ಬಡಗಿ. ಯಾರ ಮನಸ್ಸನ್ನೂ ನೋಯಿಸಲಾರದವರು. ಅದೇ ಅವರ ರೋಗ ಎಂದು ಈಗ ಅನಿಸುತ್ತದೆ.

ಆ ವರ್ಷ ಪಕ್ಷ ಊರಿನ ಜಮೀನು ಕಟ್ಟಳೆ ತಿದ್ದಲು ಹೊರಟಿತು. ಹೆಣ್ಣುಮಕ್ಕಳಿಗೆ ತವರಿನ ನೆಲದಲ್ಲಿ ಪಾಲು, ವಿಧವೆಗೆ ಬದುಕಿರುವವರೆಗೂ ಗಂಡನ ಮನೆ. ಎರಡೇ ಸಾಲು. ಅದಕ್ಕೆ ಸಹಿ ಹಾಕಿಸಲು ಭಾವನ ಜೊತೆ ಮನೆಮನೆ ಸುತ್ತಿದವಳು ಸಿನಾಲೆ, ಬೇರೆ ದ್ವೀಪದಿಂದ ಸೊಸೆಯಾಗಿ ಬಂದವಳು. ಗಂಡ ಕಡಲಲ್ಲಿ ಸತ್ತಿದ್ದ. ಮೈದುನ ಆಗಲೇ ಅವಳ ಮನೆಯ ಮೇಲೆ ಕಣ್ಣಿಟ್ಟಿದ್ದ.

ಸಭೆಯಲ್ಲಿ ಹಿರಿಯ ಮುಖಂಡ ಒಲೊಟು ನಕ್ಕ. “ಎರಡು ಮೀನು ಒಟ್ಟಿಗೆ ನುಂಗು ಅಂತೀಯಲ್ಲೋ ಪಾಸೆನೊ. ಮಗಳ ಪಾಲಿಗೆ ನಾನು ಒಪ್ಪಿದೆ. ವಿಧವೆ ಸೊಸೆ ಸಾಲು ತೆಗಿ, ಈಗಲೇ ಕಾವಾ ಕುಡಿಯೋಣ.”

ಕಾವಾ ಅಂದರೆ ಬೇರು ಅರೆದು ಕಲಸಿದ ನಮ್ಮ ಸಭೆಯ ಪಾನೀಯ. ಅದರ ಬಟ್ಟಲು ಒಂದು ಸುತ್ತು ಬಂದರೆ ಮುಗಿಯಿತು, ಆ ಮಾತನ್ನು ಮತ್ತೆ ಯಾರೂ ಎತ್ತುವಂತಿಲ್ಲ. ಭಾವ ನನ್ನ ಮುಖ ನೋಡಿದರು.

“ಅರ್ಧ ಆದ್ರೂ ಸಿಗ್ಲಿ ಬಿಡಿ, ಭಾವ” ಎಂದವನು ನಾನೇ. ನನ್ನ ಹಾಳು ಬಾಯಿ.

ಅವರು ಕಿವಿಯ ಮೇಲಿದ್ದ ಪೆನ್ಸಿಲ್ ತೆಗೆದು ಆ ಸಾಲಿನ ಮೇಲೆ ಗೆರೆ ಹೊಡೆದರು. ಬಟ್ಟಲು ಎತ್ತಿ ಕುಡಿದರು.

ಸೊಸೆಯಂದಿರಿಗೆ ಸಭೆಯಲ್ಲಿ ಜಾಗವಿಲ್ಲ. ಸಿನಾಲೆ ಹಿತ್ತಲಲ್ಲಿ ನಮಗಾಗಿ ಕೆಸುವಿನ ಗಡ್ಡೆ, ಮೀನು ಬೇಯಿಸುತ್ತಿದ್ದಳು. ಸಭೆ ಮುಗಿದು ಊಟಕ್ಕೆ ಕೂತಾಗ ಎಲೆಗೆ ಬಡಿಸುತ್ತ, “ಏನಾಯ್ತಣ್ಣ?” ಎಂದು ಭಾವನನ್ನು ಕೇಳಿದಳು.

“ನಿಮ್ಮ ಸಾಲು ಹೋಯ್ತಮ್ಮ.”

“ಯಾರು ತೆಗೆದ್ರು?”

“ಮುಖಂಡರು” ಎಂದರು ಭಾವ. ನಾನು ತಲೆ ತಗ್ಗಿಸಿ ಮೀನಿನ ಮುಳ್ಳು ಬಿಡಿಸುತ್ತ ಕೂತೆ. ಅವಳು ಪಕ್ಕದವರಿಗೆ ಬಡಿಸಲು ಹೋದಳು.

ಹೊಸ ಕಟ್ಟಳೆಯ ಮೊದಲ ಪಾಲು ಬಂದದ್ದು ನನ್ನಕ್ಕನಿಗೆ, ಅಂದರೆ ಭಾವನ ಮನೆಗೇ. ಅದು ನಮ್ಮಪ್ಪನ ತೆಂಗಿನ ತೋಟದ ಒಂದು ಭಾಗ. ಭಾವ ಅಲ್ಲಿಯ ಎಳನೀರು ಮುಟ್ಟುವುದಿಲ್ಲ. ಮುಟ್ಟದಿದ್ದರೆ ಅವಳಿಗೇನು ಬಂತು?

ಮುಂದಿನ ತಿಂಗಳು ಮೈದುನ ಸಿನಾಲೆಯ ಸಾಮಾನು ಹೊರಗಿಟ್ಟ. ತವರಿಗೆ ಹೊರಟವಳ ಗಂಟನ್ನು ದೋಣಿಕಟ್ಟೆಯವರೆಗೆ ಭಾವನೇ ಹೊತ್ತರು. ಗೆರೆಯ ವಿಷಯ ಈಗ ಹೇಳುತ್ತಾರೆ, ಇನ್ನೇನು ಹೇಳುತ್ತಾರೆ ಎಂದು ನಾನು ಹಿಂದೆ ಹಿಂದೆ ನಡೆದೆ. ದೋಣಿ ಹತ್ತುವ ಮುನ್ನ ಅವಳೇ ಅವರ ಕೈ ಹಿಡಿದುಕೊಂಡಳು.

“ನೀವು ನೊಂದ್ಕೋಬೇಡಿ ಅಣ್ಣ. ಆ ಸಭೆಯಲ್ಲಿ ನನ್ನ ಕಡೆ ಇದ್ದವರು ನೀವೊಬ್ಬರೇ.”

ಭಾವ “ಹೂಂ” ಎಂದರು.