ಎರವಲು ಕುರ್ಚಿ

ಗೆಳೆಯರೇ, ಮಗಳ ನರ್ಸಿಂಗ್ ಓದಿಗೆ ಒಂದು ಟ್ರಸ್ಟಿನಲ್ಲಿ ಸ್ಕಾಲರ್‌ಶಿಪ್ ಕೇಳಿದ್ದೆವು. ನಮ್ಮ ಬಡತನ ನಿಜವೇ ಎಂದು ನೋಡಲು ಅವರ ಕಡೆಯವರೊಬ್ಬರು ಇವತ್ತು ನಮ್ಮೂರು ಕಳಲೆಗೆ ಬರುವುದಿತ್ತು. ನಾನು ಡೇರಿಗೆ ಹಾಲು ಹಾಕಿ ಬರುವಷ್ಟರಲ್ಲಿ ನಮ್ಮತ್ತೆ ಮನೆಯನ್ನೇ ಬದಲಾಯಿಸಿಬಿಟ್ಟಿದ್ದರು. ಪಕ್ಕದ ಮನೆ ಜಯಮ್ಮನ ಮೆತ್ತನೆಯ ಕುರ್ಚಿ, ಎದುರು ಮನೆಯ ಫ್ಯಾನು, ಇನ್ಯಾರದೋ ಬೆಳ್ಳಿ ಲೋಟ.

“ಏನತ್ತೆ ಇದು? ನಮ್ಗೆ ಕಷ್ಟ ಐತಾ ಅಂತ ನೋಡಕ್ಕೆ ಬತ್ತಾವ್ರೆ ಅವ್ರು” ಎಂದೆ.

“ಕಷ್ಟ ಇರೋದು ನಮ್ಗೆ. ಬಂದೋರ್ಯಾಕವ್ವ ನೆಲದ ಮ್ಯಾಲೆ ಕೂರ್ಬೇಕು?”

ಬಂದವರು ಕಾಫಿ ಕುಡಿಯುತ್ತ ಬೆಳ್ಳಿ ಲೋಟ ನೋಡಿದರು, ಫ್ಯಾನು ನೋಡಿದರು, ಪೆನ್ನಿನ ಕ್ಯಾಪು ಮುಚ್ಚಿದರು. ಸ್ಕಾಲರ್‌ಶಿಪ್ ಕೈತಪ್ಪಿತು ಎಂದುಕೊಂಡೆ. ಆಗ ಬಾಗಿಲಿಗೆ ಜಯಮ್ಮ ಬಂದಳು.

“ಅಕ್ಕ, ನಮ್ಮನೆಗೂ ನೆಂಟ್ರು ಬಂದವ್ರೆ. ಕುರ್ಚಿ ಕೊಟ್ಬುಡಿ.”

ಟ್ರಸ್ಟಿನವರೇ ಎದ್ದು ಕುರ್ಚಿಯನ್ನು ಎತ್ತಿಕೊಟ್ಟರು. ಆಮೇಲೆ ಚಾಪೆಯ ಮೇಲೆ ಕೂತು, ನಗುತ್ತಲೇ ಪೆನ್ನು ತೆಗೆದು ನಮ್ಮ ಅರ್ಜಿಗೆ ಶಿಫಾರಸು ಬರೆದರು.

ಮಗಳು ಕುಣಿಯುತ್ತಿದ್ದಾಳೆ. ಅತ್ತೆ ಮಾತ್ರ, “ಬಡವ್ರು ಅಂತ ಬರ್ಕೊಂಡು ಒಂಟೋದ್ರಲ್ಲ” ಎಂದು ಮುಖ ಊದಿಸಿಕೊಂಡು ಕೂತಿದ್ದಾರೆ, ಅದೇ ಚಾಪೆಯ ಮೇಲೆ.