ಎಡಗೈಯ ಮೊಲ

ನನ್ನ ಗಂಡನಿಗೆ ಕಾಡಿನ ಹುಚ್ಚು ಹಿಡಿದದ್ದು ಮೊಬೈಲಿನಿಂದ. ಎದುರಿಗೆ ‘ರಿ’ ಹಚ್ಚಿಯೇ ಮಾತಾಡುತ್ತೇನೆ; ಬರೆಯುವಾಗ ಬೇಡ. ಬೀದರಿನ ಲಿಂಗವಂತ ಮನೆತನ, ಓಝರ್‌ನ ವಿಮಾನ ಕಾರ್ಖಾನೆಯಲ್ಲಿ ನೌಕರಿ, ಮೊಟ್ಟೆಯ ವಾಸನೆಗೂ ಮೂಗು ಮುಚ್ಚುವ ಮನುಷ್ಯ. ಅಂಥವನು ಯಾರೋ ಗಡ್ಡದವರು ಕಡ್ಡಿಪೆಟ್ಟಿಗೆಯಿಲ್ಲದೆ ಬೆಂಕಿ ಮಾಡುವುದನ್ನು ನೋಡಿ ನೋಡಿ ಬಾಲ್ಕನಿಯಲ್ಲಿ ಕಟ್ಟಿಗೆ ತಿಕ್ಕಲು ಕೂತ. ಕೆಲಸವಿಲ್ಲದ ಬಡಗಿ ಮಗನ ಕುಂಡೆ ಕೆತ್ತಿದನಂತೆ!

ಮಳೆಗಾಲದ ಒಂದು ಭಾನುವಾರ ಚಾಂದವಡ್ ಗುಡ್ಡಕ್ಕೆ ಹೋದೆವು. ಬೇಲಿ ಬೇಲಿ ತಡಕಿ ಕಾಡುಹಾಗಲ ಕಿತ್ತೆವು. ಅವನು ಕಟ್ಟಿಗೆ ತಿಕ್ಕಿಯೇ ಬೆಂಕಿ ಹೊತ್ತಿಸಿದ. ಸುಳ್ಳೇಕೆ, ನನಗೂ ಹೆಮ್ಮೆಯಾಯಿತು. ಚಪ್ಪಟೆ ಕಲ್ಲು ಕಾಯಿಸಿ, ಕಾಯಿ ಸೀಳಿ, ಉಪ್ಪು ಹಚ್ಚಿ ಹರವಿದೆ.

ಅಷ್ಟರಲ್ಲಿ ಪೊದೆಯಾಚೆ ಕೂಸು ಚೀರಿದ ಹಾಗೆ ಕೇಳಿಸಿತು.

ನಾನು ಕಾಯಿ ಕೀಳುವಾಗ ಅವನು ನನಗೆ ಹೇಳದೆ ಕತ್ತಾಳೆ ನಾರಿನ ಉರುಲು ಒಡ್ಡಿದ್ದ. ಕೊರಳಿಗೆ ಬಿದ್ದರೆ ಕೊಂದ ಪಾಪ ಬರುತ್ತದೆಂದು ಕಾಲಿಗೆ ಬೀಳುವಂತೆ ಕಟ್ಟಿದ್ದನಂತೆ. ಹಿಡಿದು, ಫೋಟೊ ತೆಗೆದು, ಬಿಟ್ಟುಬಿಡುವ ಲೆಕ್ಕ. ಸಿಕ್ಕ ಮೊಲ ಜಗ್ಗಿ ಜಗ್ಗಿ ಹಿಂಗಾಲು ಮುರಿದುಕೊಂಡಿತ್ತು. ಎಲುಬು ಚರ್ಮ ಹರಿದು ಹೊರಗೆ ಬಂದಿತ್ತು. ಅದು ತಿರುತಿರುಗಿ ತನ್ನ ಕಾಲನ್ನೇ ಕಚ್ಚುತ್ತಿತ್ತು.

“ಅಯ್ಯ ಶಿವನೇ! ಬಿಡಸ್ರಿ, ಏನ್ ನೋಡ್ಕೋತ ನಿಂತೀರಿ?” ಎಂದೆ.

“ಬಿಟ್ರ ನಾಯಿ ಹರಕೊಂಡು ತಿಂತಾವ.”

“ಹಂಗಾರ ನೀವೇ ಮುಗಸ್ರಿ.”

ಅವನು ಕೊರಳಿನ ಲಿಂಗವನ್ನು ಮುಷ್ಟಿಯಲ್ಲಿ ಹಿಡಿದು ಬೆನ್ನು ತಿರುಗಿಸಿದ. “ನನ್ ಕೈಲಿಂದ ಆಗಂಗಿಲ್ಲ.”

ಮೈಯೆಲ್ಲ ಉರಿದುಹೋಯಿತು. ಎಡಗೈಯಿಂದ ಮೊಲದ ಕತ್ತನ್ನು ನೆಲಕ್ಕೊತ್ತಿ ಬಲಗೈಯಲ್ಲಿ ಕಲ್ಲೆತ್ತಿದೆ. ಮೊದಲ ಏಟು ಜಾರಿ ದವಡೆಗೆ ಬಿತ್ತು. ಅದು ಚೀರಿತು, ನಾನೂ ಚೀರಿದೆ. ಮತ್ತೊಂದಕ್ಕೆ ತಲೆ ಒಡೆದು ನೆತ್ತರು ನನ್ನ ಮುಖಕ್ಕೆ ಸಿಡಿಯಿತು. ಅಂಗೈ ಕೆಳಗಿನ ಕೊರಳಿನ ಮಿಡಿತ ನಿಂತಿತು.

ಹೂತು, ಹಳ್ಳದಲ್ಲಿ ಕೈ ತೊಳೆದು ಬಂದಾಗ ಅವನು ಬೆಂಕಿಯ ಮುಂದೆ ಕೂತು ಹಾಗಲಕಾಯಿ ತಿನ್ನುತ್ತಿದ್ದ! ನಾನು ಕೈ ಚಾಚಿದರೆ ತಡೆದ.

“ಮುಟ್ಟಬ್ಯಾಡ. ಜೀವ ತಗೊಂಡ ಕೈ ಅದು. ಮಠದ ಅಯ್ಯನೋರನ್ನ ಕೇಳೂತನ ಲಿಂಗಕ್ಕೂ ಹಚ್ಚಬ್ಯಾಡ.”

“ಉರುಲು ಕಟ್ಟಿದ್ದು ಯಾರ ಕೈರಿ?”

ಅವನು ತುತ್ತು ನುಂಗಿ ಇನ್ನೊಂದು ಹೋಳಿಗೆ ಕೈ ಹಾಕಿದ.

ನಮ್ಮಲ್ಲಿ ಲಿಂಗವನ್ನು ಎಡ ಅಂಗೈಯಲ್ಲಿಟ್ಟು ಪೂಜಿಸುತ್ತೇವೆ. ಸಣ್ಣವಳಿದ್ದಾಗ ನನ್ನ ಅಜ್ಜಿ ಕೈ ಹಿಡಿದು ಕಲಿಸಿದ್ದು ಅದು. ಜ್ವರ ಬಂದರೂ ನಾನು ಒಂದು ದಿನ ಬಿಟ್ಟವಳಲ್ಲ. ಅದನ್ನು ಇವನು ಒಂದು ಮಾತಿನಲ್ಲಿ ಕಸಿದುಕೊಂಡರೆ ನಾನು ಬದುಕುವುದು ಹೇಗೆ?

ಮರುದಿನ ಮುಂಜಾನೆ ಮಿಂದು, ವಿಭೂತಿ ಹಚ್ಚಿಕೊಂಡು ಅವನ ಎದುರಿಗೇ ಕೂತೆ. ಉಗುರಿನ ಸಂದಿನಲ್ಲಿ ಕೆಂಪು ಇನ್ನೂ ಉಳಿದಿತ್ತು. ಅದೇ ಎಡಗೈ ಬಿಚ್ಚಿ ಲಿಂಗವನ್ನಿಟ್ಟು ನೀರೆರೆದೆ. ಅಳು ಉಕ್ಕಿ ಬಂತು. ಕೈ ಇಳಿಸಲಿಲ್ಲ.

ಅವನು ತನ್ನ ಲಿಂಗದ ಕರಡಿಗೆಗೆ ಕೈ ಹಾಕಿ, ಬಿಚ್ಚದೆ, ಪೂಜೆ ಬಿಟ್ಟು ಎದ್ದು ಡ್ಯೂಟಿಗೆ ಹೋದ.