ಎಡಗೈಯ ಗೀರು

ಸತ್ತವರನ್ನು ಕಂಡೆ, ಅವರ ದನಿ ಕೇಳಿದೆ ಎನ್ನುವವರ ಮಾತನ್ನು ನಾನು ಎಂದೂ ನಂಬಿದವಳಲ್ಲ. ನಾನು ಹಲ್ಲಿನ ಡಾಕ್ಟರು, ಅದರಲ್ಲೂ ಒಸಡಿನ ಶಸ್ತ್ರಚಿಕಿತ್ಸೆ ಮಾಡುವವಳು. ನಿನ್ನೆ ರಾತ್ರಿ ಹಲ್ಲುಜ್ಜಿದ್ದೀರಾ ಎಂದು ಕೇಳಿದರೆ ನೆನಪಿಲ್ಲ ಎನ್ನುವ ಜನ, ತೀರಿಹೋದ ಅಜ್ಜಿ ಕನಸಿನಲ್ಲಿ ಉಟ್ಟು ಬಂದಿದ್ದ ಸೀರೆಯನ್ನು ಮಾತ್ರ ಅಂಚು ಸೆರಗಿನ ಸಮೇತ ವರ್ಣಿಸುತ್ತಾರೆ. ಅಂಥವರನ್ನು ಬಹಳ ಗೇಲಿ ಮಾಡಿದ್ದೇನೆ. ಈಗ ಮಾಡುವುದಿಲ್ಲ. ನಂಬಿಕೆ ಬಂತೆಂದಲ್ಲ, ಗೇಲಿ ಮಾಡುವ ಧೈರ್ಯ ಹೋಯಿತು.

ಮೊದಲು ಗೀತಾಳ ವಿಷಯ ಹೇಳಬೇಕು. ನಾನು ಧಾರವಾಡದವಳು, ಅವಳು ಬೆಳಗಾವಿಯವಳು. ಮುಂಬೈಯಲ್ಲಿ ಎಂ.ಡಿ.ಎಸ್. ಓದುವಾಗ ಹಾಸ್ಟೆಲಿನಲ್ಲಿ ಇಬ್ಬರಿಗೂ ಒಂದೇ ಕೋಣೆ. ಒಸಡು ಕೊಯ್ಯುವುದನ್ನು ನಾವು ಕಲಿತದ್ದು ಆಡಿನ ದವಡೆಯ ಮೇಲೆ. ಮೊಟ್ಟೆಯನ್ನೂ ಮುಟ್ಟದ ನಾವಿಬ್ಬರು ಜೋಗೇಶ್ವರಿಯ ಮಟನ್ ಅಂಗಡಿಯ ಮುಂದೆ ಮೂಗು ಮುಚ್ಚಿಕೊಂಡು ನಿಂತು, ಇದು ಬೇಡ, ಅದು ಕೊಡಿ ಎಂದು ದವಡೆ ಆರಿಸುವುದನ್ನು ನೋಡಿ ಅಂಗಡಿಯವನು ನಗುತ್ತಿದ್ದ.

ಒಸಡಿನ ಶಸ್ತ್ರಚಿಕಿತ್ಸೆಯೆಂದರೆ ಇಷ್ಟೇ: ಒಸಡನ್ನು ಕೊಯ್ದು ಜೇಬಿನ ಮುಚ್ಚಳದಂತೆ ಎತ್ತಿ, ಹಲ್ಲಿನ ಬೇರನ್ನು ಶುಚಿ ಮಾಡಿ, ಮತ್ತೆ ಮುಚ್ಚಿ ಹೊಲಿಯುವುದು. ಕಷ್ಟವಿರುವುದು ಮುಂದಿನ ಹಲ್ಲುಗಳಲ್ಲಿ. ಎರಡು ಹಲ್ಲುಗಳ ಸಂದಿನಲ್ಲಿ ಒಸಡಿನ ಸಣ್ಣ ಮೊನೆಯಿರುತ್ತದಲ್ಲ, ಅದನ್ನು ಕತ್ತರಿಸಿದರೆ ಮುಗಿಯಿತು, ಅದು ಕುಗ್ಗಿ ಅಲ್ಲೊಂದು ಕಪ್ಪು ಕಿಂಡಿ ಉಳಿಯುತ್ತದೆ. ಹಾಗಾಗಿ ಹಲ್ಲಿನ ಹಿಂದೆ ಅರ್ಧಚಂದ್ರದ ಆಕಾರದಲ್ಲಿ ಕೊಯ್ದು, ಆ ಮೊನೆಯನ್ನು ಇಡಿಯಾಗಿ ಮುಂದಕ್ಕೆ ತಳ್ಳಬೇಕು.

ಗೀತಾ ಎಡಚಿ. ಕಾಲೇಜಿನ ಕುರ್ಚಿ, ದೀಪ, ಸಲಕರಣೆಯ ತಟ್ಟೆ ಎಲ್ಲವೂ ಬಲಗೈಯವರಿಗಾಗಿ ಜೋಡಿಸಿದವು. ಅವಳು ಮಣಿಕಟ್ಟನ್ನು ತಿರುಚಿಕೊಂಡೇ ಕೊಯ್ಯಬೇಕಾಗುತ್ತಿತ್ತು. ಅದರಿಂದ ಅವಳ ಅರ್ಧಚಂದ್ರ ಯಾವಾಗಲೂ ಒಂದು ಕಡೆ ವಾಲಿರುತ್ತಿತ್ತು, ತುದಿಯಲ್ಲಿ ಸಣ್ಣದೊಂದು ಕೊಂಕು ಬೇರೆ. ಹತ್ತು ದವಡೆಗಳನ್ನು ಸಾಲಾಗಿ ಇಟ್ಟರೂ ಅವಳದು ಯಾವುದೆಂದು ನಾನು ಹೇಳುತ್ತಿದ್ದೆ.

"ಗೀತಾ, ನಿನ್ನ ಚಂದ್ರಗ ಏನಾಗೇದ? ಕುಡದು ಬಂದಾನೇನ?" ಎಂದು ಕಾಡುತ್ತಿದ್ದೆ.

"ವಾಕಡಾ ಇರಲಿ ಬಿಡ, ಸೊಟ್ಟ ಇದ್ರ ಏನಾತು. ಮಂದಿ ಬಾಯಾಗ ಕೊಯ್ಯೂ ಪಾಳಿ ಬರಲಿ, ಆವಾಗ ನೋಡೀಯಂತ," ಎನ್ನುತ್ತಿದ್ದಳು.

ಆ ಪಾಳಿ ಬರಲೇ ಇಲ್ಲ. ಆ ವರ್ಷದ ಮಳೆಗಾಲದಲ್ಲೇ ಕಾಮಾಲೆಯಾಗಿ ಊರಿಗೆ ಹೋದವಳು ತಿರುಗಿ ಬರಲಿಲ್ಲ. ಮುಂದೆ ಕಾಂದಿವಲಿಯಲ್ಲಿ ಇಬ್ಬರೂ ಸೇರಿ ದವಾಖಾನೆ ತೆರೆಯಬೇಕು, ಅದರಲ್ಲೊಂದು ಕುರ್ಚಿ ಎಡಗೈಯವರದಿರಬೇಕು ಎಂದು ಮಾತಾಡಿಕೊಂಡಿದ್ದೆವು. ನಾನೊಬ್ಬಳೇ ಅಂಧೇರಿಯಲ್ಲಿ ತೆರೆದೆ, ಬಲಗೈ ಕುರ್ಚಿ ಇಟ್ಟುಕೊಂಡು.

ಶಾಹೀನ್ ನನ್ನಲ್ಲಿಗೆ ಬಂದದ್ದು ಗೀತಾ ಹೋಗಿ ಎಷ್ಟೋ ವರ್ಷಗಳಾದ ಮೇಲೆ. ವಿಜಯಪುರ ಕಡೆಯ ಕುಟುಂಬ, ಆದರೆ ಹುಡುಗಿ ಹುಟ್ಟಿ ಬೆಳೆದದ್ದೆಲ್ಲ ಇಲ್ಲೇ. ಗೀತಾ ತೀರಿಕೊಂಡಾಗ ಅವಳಿನ್ನೂ ಹುಟ್ಟಿರಲಿಲ್ಲ. ಎಳೆಯ ವಯಸ್ಸಿನವರ ಮೂಳೆಯನ್ನೇ ತಿನ್ನುವ ಒಂದು ಒಸಡಿನ ರೋಗವಿದೆ, ಅದು ಅವಳಿಗೆ ಅಂಟಿತ್ತು. ಮೇಲಿನ ಎರಡು ಮುಂದಿನ ಹಲ್ಲುಗಳು ಅಲುಗಾಡುತ್ತಿದ್ದವು. ಕೇಳಿದ್ದಕ್ಕೆಲ್ಲ ಬಾಯಿಗೆ ಓಢಣಿ ಅಡ್ಡ ಹಿಡಿದು ಉತ್ತರಿಸುತ್ತಿದ್ದಳು.

"ಹೆಂಗರೆ ಮಾಡಿ ಉಳಸ್ರಿ ಡಾಕ್ಟರ್ ಬಾಯಿ. ನಗೂದ ಬಿಟ್ಟಾಳ ನನ್ನ ಮಗಳು," ಎಂದಳು ತಾಯಿ.

ಶಸ್ತ್ರಚಿಕಿತ್ಸೆಯ ಮಧ್ಯಾಹ್ನ ಮರಗಟ್ಟಿಸುವ ಸೂಜಿ ಚುಚ್ಚಿ, ಕನ್ನಡಿ ಹಿಡಿದು ಹಲ್ಲಿನ ಹಿಂಬದಿ ನೋಡಿದೆ. ಅಲ್ಲಿ ಒಸಡಿನ ಮೇಲೆ, ಹಳೆಯ ಗಾಯ ಮಾಗಿದ ಹಾಗೆ, ಒಂದು ಬಿಳಿಯ ಗೆರೆಯಿತ್ತು. ವಾಲಿದ ಅರ್ಧಚಂದ್ರ, ತುದಿಯಲ್ಲಿ ಕೊಂಕು. ಮೊದಲ ತಪಾಸಣೆಯಲ್ಲಿ ನಾನು ಅದನ್ನು ಕಂಡಿರಲಿಲ್ಲ.

ಕೈ ತೆಗೆದು, "ಮೊದಲು ಯಾರಾದರೂ ಇಲ್ಲಿ ಕೊಯ್ದಿದ್ದರಾ?" ಎಂದು ಕೇಳಿದೆ. "ನಹೀ ಮ್ಯಾಡಮ್, ಫಸ್ಟ್ ಟೈಮ್ ಹೈ," ಎಂದಳು ಶಾಹೀನ್. ಹೊರಗೆ ಕೂತಿದ್ದ ತಾಯಿಯನ್ನು ವಿಚಾರಿಸಿದೆ. "ಇಲ್ಲರೀ ಡಾಕ್ಟರ್ ಬಾಯಿ, ಈಕಿ ಬಾಯಾಗ ಯಾರೂ ಕೈ ಹಾಕಿಲ್ರಿ. ನೀವ ಮೊದಲನೇದವ್ರು," ಎಂದಳು. ನನ್ನ ಸಹಾಯಕಿ ಸುನಂದಾ ಬಗ್ಗಿ ನೋಡಿ, "ಬಿಸಿ ವಡಾ ತಿಂದು ಸುಟ್ಟಿರಬೇಕ್ರಿ ಮ್ಯಾಡಮ್," ಎಂದಳು. ಇದ್ದರೂ ಇರಬಹುದು. ಫೋಟೋ ತೆಗೆಯೋಣವೆಂದು ದೊಡ್ಡ ಕನ್ನಡಿ ಒಳಗಿಟ್ಟರೆ ಹುಡುಗಿಗೆ ವಾಂತಿ ಬಂದಂತಾಯಿತು. ಬಿಟ್ಟೆ.

ನಾನು ಕೊಯ್ಯಬೇಕಾಗಿದ್ದದ್ದು ಸರಿಯಾಗಿ ಆ ಗೆರೆಯ ಮೇಲೆಯೇ. ಗೆರೆಯನ್ನು ಉಳಿಸಿ ಪಕ್ಕದಲ್ಲಿ ಕೊಯ್ದರೆ ನಡುವೆ ಉಳಿಯುವ ತೆಳ್ಳನೆಯ ಪಟ್ಟಿಗೆ ರಕ್ತ ಸಿಗದೆ ಅದು ಸಾಯಬಹುದು, ಅದರೊಂದಿಗೆ ಮೊನೆಯೂ. ಗೆರೆಯ ಮೇಲೆ ಕೊಯ್ದರೆ ಗೆರೆ ಉಳಿಯುವುದಿಲ್ಲ. ಚಾಕು ಹಿಡಿದು ಎಷ್ಟು ಹೊತ್ತು ಹಾಗೇ ಕೂತಿದ್ದೆನೋ, ಸುನಂದಾ ಎರಡು ಸಲ ಕರೆದಳಂತೆ. ಕಣ್ಣೆದುರು ಹುಡುಗಿಯ ತಾಯಿಯ ಮುಖ ಬಂತು. ಆ ಗೆರೆಯನ್ನೇ ಹಿಡಿದು ಕೊಯ್ದೆ. ಬಲಗೈಯವಳಾದ ನಾನು ಅದಕ್ಕಾಗಿ ಮಣಿಕಟ್ಟು ತಿರುಚಬೇಕಾಯಿತು. ಚಾಕು ಎಲ್ಲಿಯೂ ತಡೆಯದೆ, ಮೊದಲೇ ಬಿಡಿಸಿಟ್ಟ ಹೊಲಿಗೆಯ ಮೇಲೆ ಹೋದಂತೆ ಹೋಯಿತು. ಕೊನೆಯ ಕೊಂಕನ್ನೂ ಬಿಡಲಿಲ್ಲ. ಬೇರು ಶುಚಿ ಮಾಡಿ, ಒಸಡು ಮುಚ್ಚಿ ಹೊಲಿಗೆ ಹಾಕಿದೆ.

ಒಂದು ವರ್ಷದ ಮೇಲೆ ಶಾಹೀನ್ ತಪಾಸಣೆಗೆ ಬಂದಾಗ ಓಢಣಿ ಹೆಗಲ ಮೇಲಿತ್ತು, ಬಾಗಿಲಿನಿಂದಲೇ ನಗುತ್ತ ಬಂದಳು. ಹಲ್ಲುಗಳು ಗಟ್ಟಿಯಾಗಿದ್ದವು, ಮೊನೆ ಕುಗ್ಗಿರಲಿಲ್ಲ. ಕನ್ನಡಿ ಹಿಡಿದು ಹಿಂಬದಿ ನೋಡಿದೆ. ದೀಪ ಸರಿಸಿ ಮತ್ತೆ ನೋಡಿದೆ. ಅಲ್ಲಿ ಏನೂ ಇರಲಿಲ್ಲ.

"ಏನರೀ ಡಾಕ್ಟರ್ ಬಾಯಿ, ಅಷ್ಟೊತ್ತು ನೋಡಾಕತ್ತೀರಿ? ಏನರೆ ಐತೇನ್ರಿ?" ಎಂದು ತಾಯಿ ಗಾಬರಿಯಾದಳು.

"ಏನೂ ಇಲ್ಲರೀ. ಎಲ್ಲಾ ಛಲೋ ಅದ," ಎಂದೆ. ಕೈ ತೊಳೆಯಲು ಒಳಗೆ ಹೋದವಳು ನಲ್ಲಿ ಬಿಟ್ಟುಕೊಂಡು ಬಹಳ ಹೊತ್ತು ಅತ್ತೆ.

ಅದು ಬಿಸಿ ವಡಾ ಸುಟ್ಟ ಕಲೆಯೋ, ಗೀತಾಳ ಗೀರೋ, ನನಗೆ ಇಂದಿಗೂ ಗೊತ್ತಿಲ್ಲ. ಮತ್ತಾರ ಬಾಯಲ್ಲೂ ಅಂಥದ್ದು ಕಂಡಿಲ್ಲ. ಆ ಹುಡುಗಿ ನಗುವುದನ್ನು ನೆನೆದರೆ, ಮಾಡಿದ್ದು ಸರಿಯೆಂದೇ ಅನ್ನಿಸುತ್ತದೆ. ಆದರೆ ಅದು ಗೀತಾಳದೇ ಆಗಿದ್ದರೆ, ಜೀವಂತ ಮನುಷ್ಯರ ಬಾಯಲ್ಲಿ ಅವಳು ಹಾಕಿದ ಒಂದೇ ಒಂದು ಗೀರನ್ನು ಅಳಿಸಿದವಳು ನಾನು.